ದವಾಖಾನೆಗೆ ದೊಡ್ಡ ಡಾಕ್ಟರು ಬೇಕಾಗಿದ್ದಾರೆ

ತಿಂಗಳಿಗೆ ಒಂದೂವರೆ ಲಕ್ಷದಿಂದ ಎರಡು ಲಕ್ಷದವರೆಗೆ ಸಂಬಳ, ಇರಲು ಮನೆ, ಓಡಾಡಲು ಟ್ರಸ್ಟಿನ ಜೀಪು. ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಕೂತರೆ ಡಾಕ್ಟರುಗಳು ಸಾಲು ಹಚ್ಚುತ್ತಾರೆ ಎಂದು ನಾವು ತಿಳಿದಿದ್ದೆವು. ಮಾಲು ಮಾರುವಾಗ ಫಜೀತಿ ಆಗುವುದು ನನಗೆ ದಿನದ ರೂಢಿ. ಕೊಳ್ಳುವಾಗಲೂ ಒಂದರ ಬೆನ್ನಿಗೊಂದು ಹೀಗೆ ಆಗುತ್ತ ಹೋಗುತ್ತದೆಂದು ಗೊತ್ತಾದದ್ದು ಆ ತಿಂಗಳಲ್ಲಿ.

ನನ್ನದು ಕೊಟ್ಟೂರಿನಲ್ಲಿ ಶೇಂಗಾ, ಮೆಕ್ಕೆಜೋಳದ ದಲಾಲಿ ಅಂಗಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ಊರಿಗೊಬ್ಬರಂತೆ ಐವರು ವ್ಯಾಪಾರಸ್ಥರು ಟ್ರಸ್ಟು ಮಾಡಿಕೊಂಡು ನಮ್ಮೂರಲ್ಲಿ ಇಪ್ಪತ್ತೈದು ಹಾಸಿಗೆಯ ದವಾಖಾನೆಯೊಂದನ್ನು ನಡೆಸುತ್ತೇವೆ. ಅದರ ದೊಡ್ಡ ಡಾಕ್ಟರು, ಅಂದರೆ ಸೂಪರಿಂಟೆಂಡೆಂಟ್, ವಯಸ್ಸಾಯಿತೆಂದು ಬಿಟ್ಟುಹೋದರು. ಒಂದು ತಿಂಗಳಲ್ಲಿ ತಪಾಸಣೆಯವರು ಬರುವವರಿದ್ದರು. ಅವರು ಬಂದಾಗ ಆ ಕುರ್ಚಿಯಲ್ಲಿ ಸರಿಯಾದ ಡಾಕ್ಟರು ಇರದಿದ್ದರೆ ಸರ್ಕಾರಿ ಆರೋಗ್ಯ ಕಾರ್ಡಿನ ಮಾನ್ಯತೆ ಹೋಗುತ್ತದೆ. ಕಾರ್ಡು ಹೋದರೆ ಬಡವರು ಬರುವುದಿಲ್ಲ. ಉಳ್ಳವರು ಮೊದಲೇ ಬರುವುದಿಲ್ಲ. ಬಾಗಿಲು ಹಾಕುವುದೊಂದೇ ದಾರಿ. ಆಮೇಲೆ ಉಜ್ಜಿನಿಯ ಎದೆನೋವಿನವನಿರಲಿ, ಹಂಪಸಾಗರದ ಬಸುರಿಯಿರಲಿ, ದಾವಣಗೆರೆಗೋ ಬಳ್ಳಾರಿಗೋ ಗಾಡಿ ಹತ್ತಬೇಕು. ದಾರಿಯಲ್ಲೇ ಹೆರಿಗೆಯಾದರೆ ಮಗುವಿಗೆ ಯಾವ ಊರಿನ ಹೆಸರು ಬರೆಸುವುದು ಎಂಬುದು ಬೇರೆ ಪ್ರಶ್ನೆ.

ಜಾಹೀರಾತು

ಮೊದಲು ಪತ್ರಿಕೆಗೆ ಜಾಹೀರಾತು ಬರೆಯಬೇಕಿತ್ತು. ಐವರೂ ಕೂತೆವು. ಹರಪನಹಳ್ಳಿಯ ಬಟ್ಟೆ ಅಂಗಡಿ ಯಜಮಾನರು ನಮ್ಮ ಅಧ್ಯಕ್ಷರು. ಅವರೆಂದರು, "ಹದಿನೈದು ವರ್ಷ ಅನುಭವ ಇರ್ಬೇಕು ನೋಡ್ರಿ." ಹಡಗಲಿಯ ಹೂವಿನ ವ್ಯಾಪಾರಿ, "ವಯಸ್ಸು ಮೂವತ್ತೈದು ದಾಟಿರಬಾರದು, ಓಡಾಡೋರು ಬೇಕು" ಎಂದರು. ಹಗರಿಬೊಮ್ಮನಹಳ್ಳಿಯ ಸಿಮೆಂಟಿನವರು ಹೆರಿಗೆ, ಕಣ್ಣು, ಮೂಳೆ ಮೂರನ್ನೂ ಸೇರಿಸಿದರು. ಒಬ್ಬರಿಗೆ ಕೊಡುವ ಸಂಬಳದಲ್ಲಿ ಮೂವರು ಬಂದಂತಾಯಿತು ಎಂಬ ಲೆಕ್ಕ. ಕೂಡ್ಲಿಗಿಯ ಹುಣಸೆಹಣ್ಣಿನ ಸಾಹುಕಾರ ನನ್ನ ಬಾಲ್ಯದ ಗೆಳೆಯ. ಅವನು ಕೊನೆಗೆ ಒಂದು ಸಾಲು ಹಾಕಿಸಿಯೇ ಬಿಟ್ಟ: 'ಮಾಲು ನೋಡಿ ದರ ಗೊತ್ತುಪಡಿಸಲಾಗುವುದು.'

ನಮ್ಮ ದವಾಖಾನೆಯ ಹಿರಿಯ ಸಿಸ್ಟರಮ್ಮ ಇಪ್ಪತ್ತು ವರ್ಷದಿಂದ ಇರುವವರು. ಐದು ಟ್ರಸ್ಟಿಗಳಿಗೂ ಹೆದರುವವರಲ್ಲ. ಅವರ ಕೈಗೆ ಕಾಗದ ಕೊಟ್ಟು, "ಹೆಂಗೈತಮ್ಮ?" ಎಂದು ಕೇಳಿದೆ.

ಎರಡು ಸಲ ಓದಿದರು. "ಇಪ್ಪತ್ತು ವರ್ಷಕ್ಕ ಡಾಕ್ಟರಾಗಿರಬೇಕು, ಎಲ್ಲಾ ರೋಗ ಬಲ್ಲವರಾಗಿರಬೇಕು. ಇಂಥವರು ಸಿಕ್ಕರ ಈ ಹಾಸಿಗಿ, ಬಾಟ್ಲಿ ಎಲ್ಲಾ ಯಾಕ್ರಿ ಸಾಹುಕಾರ್ರ? ಒಂದು ಗುಡಿ ಕಟ್ಟಿ ಒಳಗ ಕೂಡ್ರಿಸ್ರಿ. ಹೊರಗ ಹುಂಡಿ ಇಟ್ಟರಾತು, ದವಾಖಾನಿಗಿಂತ ಚೊಲೊ ನಡೀತೈತಿ."

ಒಂದು ಕಿಲೋ ಇನ್ನೂರು ಗ್ರಾಂ

ವಯಸ್ಸಿನ ಸಾಲು ತೆಗೆದು, ಒಂದೇ ವಿದ್ಯೆ ಸಾಕೆಂದು ಅಚ್ಚು ಹಾಕಿಸಿದೆವು. ಹನ್ನೊಂದು ಅರ್ಜಿ ಬಂದವು. ಅದರಲ್ಲಿ ಒಂದು ಫೈಲು ಎಷ್ಟು ದಪ್ಪ ಇತ್ತೆಂದರೆ, ಹುಣಸೆಹಣ್ಣಿನ ಸಾಹುಕಾರ ಓದುವ ಗೋಜಿಗೇ ಹೋಗಲಿಲ್ಲ. ಅಂಗೈ ಮೇಲಿಟ್ಟು ತೂಗಿದ. "ಒಂದು ಕಿಲೋ ಇನ್ನೂರು ಗ್ರಾಂ. ಇವನನ್ನ ಮೊದಲು ಕರೀರಿ."

ಕರೆದೆವು. ಕೋಟು ಹಾಕಿಕೊಂಡು ಬಂದರು. ಫೈಲು ಬಿಚ್ಚಿದರೆ ಬರೀ ಸಮ್ಮೇಳನಗಳ ಸರ್ಟಿಫಿಕೇಟು. ಗೋವಾದ್ದು, ಊಟಿಯದು, ದುಬೈದು, ಬ್ಯಾಂಕಾಕಿನದು. ಪ್ರತಿಯೊಂದಕ್ಕೂ ಹಾರ ಹಾಕಿಕೊಂಡ ಫೋಟೋ. ಅಧ್ಯಕ್ಷರು ಗೌರವದಿಂದ ಒಂದೊಂದನ್ನೇ ತಿರುವಿದರು. ಅವರ ಬಟ್ಟೆ ಅಂಗಡಿಯಲ್ಲಿ ಸೀರೆ ತಿರುವುವ ಹಾಗೆಯೇ.

ನನಗೆ ವ್ಯಾಪಾರದ ಬುದ್ಧಿ. "ಸರ, ಇಷ್ಟೆಲ್ಲಾ ಊರು ತಿರುಗೀರಿ. ನಡುವ ಪೇಶಂಟ್ ಯಾವಾಗ ನೋಡ್ತಿದ್ರಿ?" ಎಂದೆ.

ಅವರು ಬಹಳ ಪ್ರಾಮಾಣಿಕರು. ಕೋಟಿನ ಗುಂಡಿ ಬಿಚ್ಚಿ ಹೇಳಿದರು, "ಅದನ್ನೇ ಇನ್ನು ಮೇಲೆ ಶುರು ಮಾಡೋಣ ಅಂತ ನಿಮ್ಮಲ್ಲಿ ಅರ್ಜಿ ಹಾಕಿದ್ದು."

ಮಾವನವರೂ ಬಂದಿದ್ದರು

ಎರಡನೆಯವರು ದಾವಣಗೆರೆ ಕಡೆಯ ಡಾಕ್ಟರು. ಒಬ್ಬರೇ ಬರಲಿಲ್ಲ. ಹೆಂಡತಿ, ಮಾವ, ಮಾವನ ತಮ್ಮ ಎಲ್ಲರೂ ಒಂದು ಕಾರಿನಲ್ಲಿ ಇಳಿದರು. ಬಂದವರನ್ನು ಬರಿಗೈಯಲ್ಲಿ ಕೂರಿಸಬಾರದೆಂದು ಅಧ್ಯಕ್ಷರು ಉಪ್ಪಿಟ್ಟು, ಕೇಸರಿಬಾತು ತರಿಸಿದರು. ಅಲ್ಲಿಗೆ ದಾರಿ ತಪ್ಪಿತು.

ತಟ್ಟೆ ಕೈಗೆ ಬಂದಕೂಡಲೆ ನಮ್ಮವರ ಬಾಯಿಂದ ಬೇರೆಯೇ ಪ್ರಶ್ನೆಗಳು ಹೊರಟವು. ಮನೆತನ ಯಾವುದು, ಅಣ್ಣತಮ್ಮಂದಿರು ಎಷ್ಟು, ಹೊಲ ನೀರಾವರಿಯೋ ಖುಷ್ಕಿಯೋ. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಮಾವನವರು ಉತ್ತರ ಕೊಡುತ್ತಿದ್ದರು. "ನಮ್ಮ ಅಳಿಯಂದ್ರು ಭಾಳ ಮೃದು ಕಣ್ರಿ. ಒಂದು ಕೆಟ್ಟ ಚಟ ಇಲ್ಲ. ಇನ್ನೊಬ್ರ ಮ್ಯಾಲೆ ದನಿ ಎತ್ತಿದವರಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಒಮ್ಮೆಲೇ ಮೂರು ಆಕ್ಸಿಡೆಂಟ್ ಕೇಸು ಬಂದ್ರ ಏನ್ ಮಾಡ್ತೀರಿ ಸರ?"

"ಅದನ್ನೆಲ್ಲ ನೋಡ್ಕಂತಾರೆ ಬಿಡ್ರಿ," ಎಂದರು ಮಾವ. "ಮನೇಲಿ ಎರಡು ಹಸು ಇದಾವೆ, ಅವುನ್ನೂ ಅವರೇ ನೋಡ್ಕಳ್ಳೋದು."

ಡಾಕ್ಟರು ತಲೆ ತಗ್ಗಿಸಿ ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕುತ್ತಿದ್ದರು. ಹೊರಡುವಾಗ ಡಾಕ್ಟರ ಹೆಂಡತಿಗೆ ಅರಿಶಿನ ಕುಂಕುಮ ಕೊಟ್ಟದ್ದಾಯಿತು. ಮಾವನವರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಊರಿಗೆ ಹೋಗಿ ತಿಳಿಸ್ತೀವಿ" ಎಂದರು. ಹೆಣ್ಣು ನೋಡಲು ಬಂದವರು ಈ ಮಾತು ಹೇಳಿದರೆ ಅದರ ಅರ್ಥ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಪ್ಪತ್ತೈದು ಹಾಸಿಗೆಯ ದವಾಖಾನೆಯನ್ನು ಹೀಗೆ ನೋಡಿ ಬೇಡವೆಂದು ಹೋದದ್ದು ಅದೇ ಮೊದಲು.

ಕಾರು ಹೋದ ಮೇಲೆ ಅಧ್ಯಕ್ಷರು ಬೇಸರದಿಂದ, "ನಮ್ಮಲ್ಲಿ ಏನು ಕಡಿಮೆ ಆಯ್ತು?" ಎಂದರು.

ಸಿಸ್ಟರಮ್ಮ ಖಾಲಿ ತಟ್ಟೆ ಎತ್ತುತ್ತಿದ್ದರು. "ಏನೂ ಕಡಿಮಿ ಇಲ್ಲರೀ. ಕಟ್ಟಡಕ್ಕ ವಯಸ್ಸು ಸ್ವಲ್ಪ ಜಾಸ್ತಿ ಆಗೈತಿ, ಅಷ್ಟ."

ಒಂದೇ ಮೂಟೆ, ಮೂರು ಗಿರಾಕಿ

ಈ ನಡುವೆ ನಮ್ಮ ಭಾಗದ ಮುಖಂಡರೊಬ್ಬರ ಫೋನು ಬಂತು. "ನಮ್ಮ ಡಾಕ್ಟ್ರೊಬ್ಬರು ಬರ್ತಾರ, ನೋಡ್ಕೊಳ್ರಿ." ಆಗಲಿ ಎಂದೆ. ಮಧ್ಯಾಹ್ನ ಮತ್ತೆ ಅವರದೇ ಫೋನು. ಇನ್ನೊಬ್ಬ ಡಾಕ್ಟರ ಹೆಸರು. ಸಂಜೆ ಮೂರನೆಯವರ ಹೆಸರು.

ಇದನ್ನು ಹೀಗೇ ಬಿಟ್ಟರೆ ತಪಾಸಣೆಯ ದಿನ ಒಂದು ಕುರ್ಚಿಯ ಮೇಲೆ ಮೂವರು ಕೂರುತ್ತಾರೆಂದು ನಾನೇ ಅವರ ಮನೆಗೆ ಹೋದೆ. "ಸಾಹೇಬ್ರ, ಇರೋದು ಒಂದು ಕುರ್ಚಿ. ಮೂವರೊಳಗ ಯಾರು ನಿಮ್ಮವರು? ಅವರನ್ನ ತಗೋತೀವಿ."

ಅವರು ನಕ್ಕು ಬೆನ್ನು ತಟ್ಟಿದರು. "ಯಾರನ್ನೂ ತಗೋಬ್ಯಾಡ್ರಿ. ನಿಮಗ ಬೇಕಾದವರನ್ನ ತಗೋರಿ. ಆ ಮೂವರಿಗೂ ಒಂದು ಮಾತು ಹೇಳ್ರಿ, 'ಸಾಹೇಬರು ನಿಮ್ಮ ಸಲುವಾಗಿ ಭಾಳ ಜೋರು ಮಾಡಿದ್ರು' ಅಂತ. ಸಾಕು."

ನಲವತ್ತು ವರ್ಷದಿಂದ ದಲಾಲಿ ಮಾಡುತ್ತಿದ್ದೇನೆ. ಒಂದೇ ಮೂಟೆಯನ್ನು ಮೂರು ಗಿರಾಕಿಗೆ ಮಾರಿ, ಯಾರಿಗೂ ಕೊಡದೆ, ಮೂವರ ಕಡೆಯಿಂದಲೂ ನಮಸ್ಕಾರ ತಗೊಳ್ಳುವ ವ್ಯಾಪಾರ ನನಗೆ ಇಂದಿಗೂ ಬಂದಿಲ್ಲ.

ಮುಂಗೈ

ತಪಾಸಣೆಗೆ ಆರು ದಿನ ಉಳಿದಾಗ ಮೈಸೂರು ಕಡೆಯ ಒಬ್ಬರು ಬಂದರು. ಐವತ್ತರ ಸುಮಾರು ವಯಸ್ಸು, ಎದೆ ರೋಗದ ಡಾಕ್ಟರು. ತೆಳ್ಳಗಿನ ಫೈಲು. ನಮ್ಮ ಕೋಣೆಗೆ ಬರುವ ಮೊದಲೇ ವಾರ್ಡು ಸುತ್ತಿ, ಇಬ್ಬರು ರೋಗಿಗಳ ಕಾಗದ ನೋಡಿ, ಸಿಸ್ಟರಮ್ಮನೊಂದಿಗೆ ಕಾಲು ಗಂಟೆ ಮಾತಾಡಿ ಬಂದಿದ್ದರು. ಸಿಸ್ಟರಮ್ಮ ಬಾಗಿಲಲ್ಲಿ ನಿಂತು ನಮಗೆ ಕಣ್ಣಲ್ಲೇ ಹೇಳಿದರು: ಇವರನ್ನು ಬಿಟ್ಟಿರೋ, ನಾನೂ ಇರುವುದಿಲ್ಲ.

ಎಲ್ಲ ಕೂಡಿಬಂತು. ಉಳಿದದ್ದು ಸಂಬಳದ ಮಾತು. ತೊಡಕು ಬಂದದ್ದು ಅಲ್ಲಿ. ನಮ್ಮ ಕೋಣೆಗೆ ಇರುವುದು ಪ್ಲೈವುಡ್ಡಿನ ಗೋಡೆ. ಆಚೆ ಕಡೆ ಇಬ್ಬರು ಸಣ್ಣ ಡಾಕ್ಟರು, ಕಂಪೌಂಡರು, ಲ್ಯಾಬಿನವಳು ಎಲ್ಲರೂ ಕಿವಿ ಹಚ್ಚಿ ನಿಂತಿದ್ದರು. ಒಳಗಿನ ಅಂಕಿ ಹೊರಗೆ ಬಿದ್ದರೆ ಸಂಜೆಯೊಳಗೆ ಎಲ್ಲರೂ ಸಂಬಳ ಏರಿಸಿರೆಂದು ಬರುವವರು. ಹುಣಸೆಹಣ್ಣಿನ ಸಾಹುಕಾರ ನನ್ನ ಕಿವಿಯಲ್ಲಿ, "ಲೇ, ಟವೆಲ್ ಹಾಕು" ಎಂದ.

ದನದ ಸಂತೆ ನೋಡಿದವರಿಗೆ ಇದು ಗೊತ್ತು. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು ದರ ಹೇಳುತ್ತೇವೆ. ಬಾಯಿ ಬಿಡುವ ಹಾಗಿಲ್ಲ, ಸುತ್ತ ನಿಂತವರಿಗೆ ಸುಳಿವು ಸಿಗುವ ಹಾಗಿಲ್ಲ. ಒಂದೂವರೆ ಲಕ್ಷ ಇದ್ದದ್ದೇ. ಅದರ ಮೇಲೆ ಬೆರಳಿಗೆ ಹತ್ತು ಸಾವಿರ ಎಂದು ನಮ್ಮೊಳಗೆ ಮಾತಾಗಿತ್ತು. ಐದೂ ಬೆರಳು ಹಿಡಿದರೆ ಎರಡು ಲಕ್ಷ, ಅಲ್ಲಿಗೆ ನಮ್ಮ ಗಂಟು ಮುಗಿಯಿತು. ಆ ಡಾಕ್ಟರಿಗೆ ಇದು ಗೊತ್ತಿದೆಯೋ ಇಲ್ಲವೋ ಎಂಬುದು ಐವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ವ್ಯಾಪಾರ ಅಂದಮೇಲೆ ಯಾರಿಗೆ ಗೊತ್ತಿರುವುದಿಲ್ಲ?

ಕುರ್ಚಿ ಸರಿಸಿ ಅವರ ಪಕ್ಕ ಕೂತೆ. ಹೆಗಲ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹೊದಿಸಿದೆ. ಒಳಗೆ ಅವರ ಎರಡು ಬೆರಳು ಹಿಡಿದು ಒತ್ತಿದೆ. ಒಂದು ಎಪ್ಪತ್ತು.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಬಹಳ ಸಮಾಧಾನದಿಂದ ತಲೆಯಾಡಿಸಿ, ಬೆರಳು ಬಿಡಿಸಿಕೊಂಡು, ನನ್ನ ಮುಂಗೈ ಹಿಡಿದರು.

ನನ್ನ ಎದೆ ಧಸಕ್ಕೆಂದಿತು. ಬೆರಳಿಗೆ ದರ ಇದೆ, ಮುಂಗೈಗೆ ಇಲ್ಲ. ಐದೂ ಬೆರಳು ದಾಟಿ ಬಂದಿದ್ದಾನೆ ಮನುಷ್ಯ! ಅವರು ಗೋಡೆಯ ಗಡಿಯಾರ ನೋಡುತ್ತ, ಹಿಡಿದದ್ದನ್ನು ಬಿಡದೆ ಕೂತರು. ಎಂಥೆಂಥ ದಲ್ಲಾಳಿಗಳನ್ನು ನೋಡಿದ್ದೇನೆ, ಇಷ್ಟು ಗಟ್ಟಿ ಹಿಡಿತ ನೋಡಿರಲಿಲ್ಲ.

"ಎಷ್ಟಕ್ಕ ನಿಂತಾನ?" ಸಾಹುಕಾರ ಪಿಸುಗುಟ್ಟಿದ.

"ತಿಳೀವಲ್ದು. ಮುಂಗೈ ಹಿಡದಾನ."

"ಮುಂಗೈ ಅಂದ್ರ ಎಷ್ಟಲೇ?"

"ನಮ್ಮ ಪ್ಯಾಟ್ಯಾಗ ಆ ರೇಟು ಇಲ್ಲೋ!"

"ಎರಡೂವರಿ ಇರಬೇಕು," ಎಂದ ಅವನು. ಅದನ್ನು ಕೇಳಿ ನನಗೆ ಬೆವರು ಕಿತ್ತುಕೊಂಡು ಬಂತು. ಬೆವರು ಬಂದಷ್ಟೂ ಡಾಕ್ಟರು ಇನ್ನಷ್ಟು ಒತ್ತಿ ಹಿಡಿದರು. ಅವರು ಒತ್ತಿದಷ್ಟೂ ನನ್ನ ಲೆಕ್ಕದಲ್ಲಿ ಸಂಬಳ ಏರುತ್ತಿತ್ತು.

ಕೊನೆಗೆ ಅವರೇ ಮೆಲ್ಲಗೆ ಕೇಳಿದರು. "ಯಜಮಾನ್ರೇ, ಎಷ್ಟು ದಿನದಿಂದ ಹೀಗಾಗ್ತಿದೆ? ಎಲ್ಲರ ಮುಂದೆ ಹೇಳಕ್ಕೆ ಸಂಕೋಚ ಅಂತ ಟವೆಲ್ ಮುಚ್ಚಿ ಕೈ ಕೊಟ್ರಲ್ಲ, ಅರ್ಥ ಆಯ್ತು. ನಾಡಿ ನೂರಾ ಹದಿನಾರಿದೆ. ನಡುವೆ ತಪ್ತಾ ಇದೆ."

ನಾನು ಸಂಬಳ ಎನ್ನಲು ಬಾಯಿ ತೆರೆದೆ. "ಮಾತಾಡ್ಬೇಡಿ," ಎಂದರು. ನಲವತ್ತು ವರ್ಷದಲ್ಲಿ ವ್ಯಾಪಾರದ ನಡುವೆ ನನಗೆ ಹಾಗೆ ಹೇಳಿದವರಿಲ್ಲ. ಎರಡು ನಿಮಿಷದಲ್ಲಿ ನಾನು ಏಳನೆಯ ಹಾಸಿಗೆಯ ಮೇಲಿದ್ದೆ. ಬಿ.ಪಿ. ನೋಡಿದರೆ ಇನ್ನೂರಕ್ಕೆ ಹತ್ತು ಕಡಿಮೆ. ಟ್ರಸ್ಟಿಗಳು ಕೊಂಡು, ಧೂಳಾಗದಿರಲೆಂದು ಪ್ಲಾಸ್ಟಿಕ್ ಹೊದಿಸಿಯೇ ಇಟ್ಟಿದ್ದ ಎದೆಬಡಿತ ತೋರಿಸುವ ಯಂತ್ರದ ಮುಸುಕು ಅಂದು ಮೊದಲ ಬಾರಿಗೆ ತೆಗೆದರು. ಆಕ್ಸಿಜನ್ ಸಿಲಿಂಡರು ಖಾಲಿ ಎಂದು ಡಾಕ್ಟರು ಕಂಪೌಂಡರಿಗೆ ಬೈದರು, ಬಾಗಿಲಲ್ಲಿ ಗುಂಪುಗೂಡಿದ ನಾಲ್ವರು ಟ್ರಸ್ಟಿಗಳನ್ನು ಹೊರಗಟ್ಟಿದರು. ಯಾರ ಮಾತೂ ಕೇಳದ ಸಿಸ್ಟರಮ್ಮ, "ಆತ್ರಿ ಸರ, ಆತ್ರಿ ಸರ" ಎಂದು ಓಡಾಡುತ್ತಿದ್ದರು. ನೇಮಕದ ಕಾಗದಕ್ಕೆ ಇನ್ನೂ ಸಹಿ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ನನ್ನ ಹಾಸಿಗೆಯ ಪಕ್ಕ ಕೂತರು. ತುಟಿಯಂಚಿನಲ್ಲಿ ನಗು. "ಸಿಸ್ಟರ್ ಎಲ್ಲಾ ಹೇಳಿದ್ರು. ಟವೆಲ್ ವಿಷಯ. ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಈಗ ಮಾತಾಡಿ ಮುಗಿಸೋಣ್ವಾ?"

ಮುಗಿಸೋಣ ಎಂದೆ. ಮಲಗಿದ್ದರೂ ನಾನು ವ್ಯಾಪಾರಿಯೇ. ಮುಖ ಕಲ್ಲು ಮಾಡಿಕೊಂಡೆ. ಎದೆಗೆ ಹಚ್ಚಿದ ತಂತಿಗಳು ಮಾತ್ರ ಹಾಗೇ ಇದ್ದವು.

"ಎರಡು ಇಪ್ಪತ್ತೈದು," ಎಂದರು ಡಾಕ್ಟರು.

ತಲೆಯ ಹತ್ತಿರದ ಯಂತ್ರ ಟಿಕ್ಕು ಟಿಕ್ಕು ಟಿಕ್ಕು ಎಂದು ಓಡತೊಡಗಿತು. ಅವರು ಅದರ ಕಡೆ ಒಮ್ಮೆ ನೋಡಿದರು.

"ಎರಡು ಹತ್ತು?"

ಓಟ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ.

"ಎರಡು ಲಕ್ಷ."

ಟಿಕ್ಕು. ಟಿಕ್ಕು. ಟಿಕ್ಕು. ದೇವಸ್ಥಾನದ ಗಂಟೆಯ ಹಾಗೆ ಸಮಾಧಾನ.

"ಸರಿ," ಎಂದು ಡಾಕ್ಟರು ಎದ್ದರು. "ನಿಮ್ಮ ಕಮಿಟಿ ಎರಡಕ್ಕೆ ಒಪ್ಪಿದೆ."

ಒಂದು ಎಪ್ಪತ್ತಕ್ಕೆ ಮುಗಿಸಬೇಕೆಂದಿದ್ದವನು ನಾನು. ಎದುರಿನವನಿಗೆ ಹೊಟ್ಟೆಯೊಳಗಿನ ದರ ತೋರಿಸಬಾರದೆಂದು ನನ್ನಪ್ಪ ಕಲಿಸಿದ್ದ. ಅದು ಹಸಿರು ಗೆರೆಯಲ್ಲಿ ಯಂತ್ರದ ಪರದೆಯ ಮೇಲೆ ಓಡುತ್ತಿದ್ದರೆ ಯಾರು ತಾನೆ ಏನು ಮಾಡಿಯಾರು? ಹುಣಸೆಹಣ್ಣಿನ ಸಾಹುಕಾರ ನೋಡಲು ಬಂದವನು ಕೇಳಿ, ಹಾಸಿಗೆಯ ಕಂಬಿ ಹಿಡಿದುಕೊಂಡು ನಕ್ಕ. "ಲೇ, ತಂತಿ ಕಿತ್ತು ಒಗದು ಮಾತಾಡಬೇಕಿಲ್ಲೇನೋ!"

ಆರನೆಯ ದಿನ ತಪಾಸಣೆಯವರು ಬಂದರು. ಕುರ್ಚಿಯಲ್ಲಿ ಡಾಕ್ಟರಿದ್ದರು, ಸಿಲಿಂಡರಿನಲ್ಲಿ ಆಕ್ಸಿಜನ್ ಇತ್ತು, ಮಾನ್ಯತೆ ಉಳಿಯಿತು.

ಕೂಡಿಸಿ ಹೇಳುವುದಾದರೆ ಗಳಿಕೆ ಇಷ್ಟು: ಟ್ರಸ್ಟಿಗೆ ಎರಡು ಲಕ್ಷಕ್ಕೆ ಒಬ್ಬ ಡಾಕ್ಟರು, ಮೂರು ವರ್ಷಕ್ಕೆ ಆರೋಗ್ಯ ಕಾರ್ಡಿನ ಮಾನ್ಯತೆ. ನನಗೆ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ. ಜೊತೆಗೆ ಮೂರು ದಿನದ ಹಾಸಿಗೆಯ ಪೂರ್ತಿ ಬಿಲ್ಲು, ಏಕೆಂದರೆ ಹೊಸ ದೊಡ್ಡ ಡಾಕ್ಟರು ಬಂದು ಹೊರಡಿಸಿದ ಮೊದಲ ಆರ್ಡರು, 'ಟ್ರಸ್ಟಿಗಳಿಗೆ ರಿಯಾಯಿತಿ ಇಲ್ಲ.'