ಕಿವಿಯಲ್ಲಿ ಪಾಸಾದ ಮೌಸು

ಮೌಸು ಆರಿಸುವುದು ರೇಷ್ಮೆಗೂಡು ಆರಿಸುವುದಕ್ಕಿಂತ ಕಷ್ಟವಿರಲಾರದು ಎಂದು ನಾನು ನಂಬಿದ್ದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆಯಸ್ಸು ಸವೆಸಿದವನು ನಾನು. ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಹುಳು ಕಟಕಟ ಎಂದರೆ ಒಳ್ಳೆಯ ಗೂಡು. ಸದ್ದಿಲ್ಲದಿದ್ದರೆ ಹುಳು ಸತ್ತು ಒಳಗೇ ಅಂಟಿಕೊಂಡಿದೆ ಎಂದರ್ಥ. ಈ ವಿದ್ಯೆ ನನಗೆಂದೂ ಮೋಸ ಮಾಡಿಲ್ಲ.

ಸೊಸೆ ಶೋಭಾ ಚನ್ನಪಟ್ಟಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುತ್ತಾಳೆ. ದೊಡ್ಡಮಳೂರಿನ ಪುಟ್ಟಸ್ವಾಮಿ ಮಗಳ ಮದುವೆಯ ಕಾರ್ಡು ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಸಂಜೆ ಆತ ನೋಡಲು ಬರುವವನಿದ್ದ. ಬೆಳಿಗ್ಗೆಯೇ ಮೌಸು ಕೈಕೊಟ್ಟಿತು.

"ಮಾವ, ರಾಮನಗರಕ್ಕೆ ಹೋಗ್ತಿದ್ದೀರಲ್ಲ, ಒಂದು ಮೌಸ್ ತನ್ನಿ. ಬಟನ್ ಗಟ್ಟಿಯಾಗಿರ್ಲಿ, ಚಕ್ರ ನುಣ್ಣಗೆ ತಿರುಗ್ಲಿ. ಅಂಗಡಿಯವ್ರು ಕೊಟ್ಟಿದ್ದು ತಂದ್ರೆ ಸಾಕು."

ಕೊಟ್ಟಿದ್ದನ್ನು ಹೊತ್ತು ತರುವುದಕ್ಕೆ ನಾನೇ ಬೇಕೆ?

ರಾಮನಗರದ ಕಂಪ್ಯೂಟರ್ ಅಂಗಡಿಯವನು ಮೌಸುಗಳನ್ನು ಸಾಲಾಗಿ ಇಟ್ಟ. ನಾನು ಒಂದೊಂದನ್ನೂ ಅದುಮಿದೆ, ಚಕ್ರ ತಿರುಗಿಸಿದೆ, ಕಿವಿಗಿಟ್ಟು ಅಲ್ಲಾಡಿಸಿದೆ. ಎಲ್ಲವೂ ಮೂಕ. ಸಾರಾಸಗಟಾಗಿ ತಿರಸ್ಕರಿಸಿದೆ.

"ಏನ್ ಯಜಮಾನ್ರೇ ಕೇಳ್ತಾ ಇದ್ದೀರಾ? ಅದು ಮಾತಾಡಕಿಲ್ಲ."

"ನೀನು ಸುಮ್ಕಿರಪ್ಪ. ಜೀವ ಇರೋದು ಸದ್ದು ಮಾಡ್ತದೆ."

ಕೊನೆಗೆ ಮೂಲೆಯ ಬುಟ್ಟಿಯಲ್ಲಿ ಡಬ್ಬಿಯಿಲ್ಲದ ಮೌಸೊಂದು ಸಿಕ್ಕಿತು. ಅಲ್ಲಾಡಿಸಿದೆ. ಕಟಕಟ!

"ಅದು ಬ್ಯಾಡ. ಯಾರೋ ಕೆಳಗೆ ಬೀಳ್ಸಿ ವಾಪಸ್ ಕೊಟ್ಟಿರೋದು."

ಒಳ್ಳೆಯ ಮಾಲು ಬಚ್ಚಿಡುವವರೆಲ್ಲ ಹೇಳುವುದು ಇದನ್ನೇ. ಹಟ ಹಿಡಿದು ಅದನ್ನೇ ತಂದೆ.

ಸಂಜೆ ಪುಟ್ಟಸ್ವಾಮಿ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದ. ಶೋಭಾ ಬಟನ್ ಒಂದು ಸಲ ಒತ್ತಿದರೆ ಅದು ಎರಡು ಸಲ ಒತ್ತಿಕೊಳ್ಳುತ್ತಿತ್ತು. ಚಕ್ರ ಕೆಳಕ್ಕೆ ತಿರುಗಿಸಿದರೆ ಕಾರ್ಡು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಓಡುತ್ತಿತ್ತು. ನೋಡನೋಡುತ್ತಲೇ ವಧುವಿನ ಹೆಸರು ಮಾಯವಾಯಿತು.

"ನಮ್ಮ ಮಗಳು ಎಲ್ಲೋದ್ಲವ್ವ?" ಎಂದ ಪುಟ್ಟಸ್ವಾಮಿ.

"ಮಾವ, ಇದು ಒಳಗೇ ಮುರಿದೋಗೈತೆ."

"ಮುರಿದಿಲ್ಲ ಕಣಮ್ಮ, ಕೇಳಿಲ್ಲಿ," ಎಂದು ಮೌಸನ್ನು ಎತ್ತಿ ಜೋರಾಗಿ ಅಲ್ಲಾಡಿಸಿದೆ. ಚಕ್ರ ಕಳಚಿ ಪುಟ್ಟಸ್ವಾಮಿಯ ಕಾಫಿಗೆ ಬಿತ್ತು.

"ಹುಳ ಈಚೆಗೆ ಬಂತು ನೋಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ.

ಪುಟ್ಟಸ್ವಾಮಿ ಲೋಟ ಕೆಳಗಿಟ್ಟ. "ದಿನ ಹತ್ರ ಐತೆ ಕಣವ್ವ. ಬ್ಯಾರೆ ಕಡೆ ಮಾಡಿಸ್ಕತೀನಿ, ಬೇಜಾರು ಮಾಡ್ಕಬ್ಯಾಡ."

ಶೋಭಾ ಕಾಫಿಯಿಂದ ಚಕ್ರ ಎತ್ತಿ, ಒರೆಸಿ ನನ್ನ ಕೈಗಿಟ್ಟಳು. ಬೈದಿದ್ದರೆ ವಾದಿಸಬಹುದಿತ್ತು.

ಮಾರನೆಯ ದಿನ ಅಂಗಡಿಯವನು ಕೊಟ್ಟದ್ದನ್ನು ಕಿವಿಗೆ ಸೋಕಿಸದೆ ತಂದುಕೊಟ್ಟೆ. ಚಕ್ರ ಬೆಣ್ಣೆಯಂತೆ ತಿರುಗುತ್ತದೆ. ತಪ್ಪಾಯಿತು, ಒಪ್ಪಿದೆ. ಆದರೆ ನನ್ನ ಪರೀಕ್ಷೆಯೇ ತಪ್ಪೆಂದು ಯಾರು ಹೇಳಿದರೂ ಒಪ್ಪುವುದಿಲ್ಲ. ಮೌಸು ಮಾಡುವವರು ಗೂಡಿನ ಮಾರುಕಟ್ಟೆ ನೋಡಿಲ್ಲ, ಅಷ್ಟೆ.

ಮೊನ್ನೆ ಪುಟ್ಟಸ್ವಾಮಿ ಮನೆಗೇ ಬಂದು ಲಗ್ನಪತ್ರಿಕೆ ಕೊಟ್ಟು ಹೋದ. ಬೇರೆಯವರು ಮಾಡಿದ ಕಾರ್ಡು. ನಮ್ಮ ಶೋಭಾಳ ಕೈಕೆಲಸದ ಮುಂದೆ ಅದು ಯಾವ ಲೆಕ್ಕ ಎಂದು ಸಾರಲು, ಅದರಲ್ಲಿ ಒಂದಾದರೂ ತಪ್ಪು ಸಿಗಲಿ ಎಂದು ಕನ್ನಡಕ ಏರಿಸಿ ಹುಡುಕುತ್ತಿದ್ದೇನೆ. ಇವತ್ತಿನವರೆಗೂ ಸಿಕ್ಕಿಲ್ಲ.