ಏಳೂವರೆ ತಂಡಕ್ಕೆ ಕೇಳುಗರು ಸಿಕ್ಕಿದ್ದು

ರಾಜಾಜಿನಗರದ ‘ಏಳೂವರೆ’ ರಾಕ್ ತಂಡವು ಸ್ಥಾಪನೆಯಾದಂದಿನಿಂದ ಒಬ್ಬನೇ ಒಬ್ಬ ಕೇಳುಗನಿಗೂ ತೊಂದರೆ ಕೊಟ್ಟಿಲ್ಲ ಎಂಬುದನ್ನು ಮೊದಲಿಗೆ ಸ್ಪಷ್ಟಪಡಿಸುವುದು ಅಗತ್ಯ. ತೊಂದರೆಯಾಗುವಷ್ಟು ಹೊತ್ತು ಯಾರೂ ಕೂರುತ್ತಿರಲಿಲ್ಲ.

ತಂಡದ ಗಿಟಾರ್ ವಾದಕನೂ, ರಾಗ ಸಂಯೋಜಕನೂ, ಮನೆಯ ಮಹಡಿಯನ್ನು ಅಭ್ಯಾಸಕ್ಕೆ ಬಿಟ್ಟುಕೊಟ್ಟ ಕಾರಣಕ್ಕೆ ನಾಯಕನೂ ಆದವನು ನಾಣಿ. ಎಪ್ಪತ್ತರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತಿದ್ದಾಗ, ಆ ಯಂತ್ರ ಏಳೂವರೆ ಮಾತ್ರೆಯ ತಾಳಕ್ಕೆ ತಿರುಗುತ್ತಿದೆ ಎಂದು ಅವನಿಗೆ ಹೊಳೆಯಿತು. ಕೂಡಲೇ ಮೇಲಧಿಕಾರಿಗಳ ಗಮನಕ್ಕೆ ತಂದ. ಅವರು ಯಂತ್ರವನ್ನು ರಿಪೇರಿ ಮಾಡಿಸಿದರು. ನಾಣಿಯನ್ನು ಮಾಡಿಸಲಿಲ್ಲ.

ಅದೇ ಶೆಡ್ಡಿನ ಕೊಟ್ರಪ್ಪ ಡ್ರಮ್ಸ್‌ಗೆ ಕೂತ. ಸ್ಟೋರ್ಸ್ ವಿಭಾಗದ ಮರಿಯಪ್ಪ ಕೀಬೋರ್ಡ್ ಕೊಂಡ. ಕ್ಯಾಂಟೀನಿನಲ್ಲಿ ಅನ್ನ ಬಡಿಸುತ್ತಿದ್ದ ಅಮೀನಪ್ಪನ ದನಿ ಮೂರು ಶೆಡ್ ಆಚೆಗೂ ಕೇಳಿಸುತ್ತಿದ್ದುದರಿಂದ ಅವನನ್ನು ಗಾಯಕನೆಂದು ಘೋಷಿಸಲಾಯಿತು. ಗಾಯಕನಿಗೆ ಹೆಚ್ಚಿನ ಕೆಲಸವೇನೂ ಇರಲಿಲ್ಲ. ತಂಡದ ಮುಖ್ಯ ಕೃತಿ ‘ಮಾಗಡಿ ರೋಡ್’ ಒಂಬತ್ತು ಭಾಗಗಳಲ್ಲಿದ್ದು ಮುಕ್ಕಾಲು ಗಂಟೆ ನಡೆಯುತ್ತಿತ್ತು. ಅಮೀನಪ್ಪನ ಸರದಿ ಬರುತ್ತಿದ್ದುದು ಐದನೇ ಭಾಗದಲ್ಲಿ. ಅಲ್ಲಿಯವರೆಗೆ ಅವನು ವೇದಿಕೆಯ ಮೇಲೆ ಗಂಭೀರವಾಗಿ ನಿಂತಿರಬೇಕಿತ್ತು, ನಿಂತಿರುತ್ತಿದ್ದ. ಆಮೇಲೆ ಆಳವಾದ ದನಿಯಲ್ಲಿ, ‘ನೀನು ಯಾರು? ಎಲ್ಲಿಂದ ಬಂದೆ? ಏನು ಬೇಕು ನಿನಗೆ?’ ಎಂದು ಹಾಡುತ್ತಿದ್ದ. ಒಂದೊಂದು ಪ್ರಶ್ನೆಯಾದ ಮೇಲೂ ಕೇಳುಗರು ಆತ್ಮಾವಲೋಕನ ಮಾಡಿಕೊಳ್ಳಲೆಂದು ತಂಡ ಸಾಕಷ್ಟು ಹೊತ್ತು ಸುಮ್ಮನಿರುತ್ತಿತ್ತು. ಕೊನೆಗೆ ಅವನೇ ‘ಶೂನ್ಯ’ ಎಂದು ಹಾಡಿ ಉತ್ತರ ಕೊಡುತ್ತಿದ್ದ.

ಇಂಥ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ನಾಣಿ ಕನ್ನಡಾಭಿಮಾನದಿಂದ ಬ್ಯಾನರಿನಲ್ಲಿ ‘ಪ್ರಗತಿಪರ ರಾಕ್ ತಂಡ’ ಎಂದು ಬರೆಸಿದ್ದ. ಇದರಿಂದ ತಂಡಕ್ಕೆ ಅನುಕೂಲವೇ ಆಯಿತು. ಜ್ಞಾನಭಾರತಿ ಬಳಿ ನಡೆದ ಸಮಾರಂಭವೊಂದರಲ್ಲಿ ನಾಲ್ವರಿಗೂ ಪ್ರಗತಿಪರ ಕೃಷಿಕರೆಂದು ಶಾಲು ಹೊದಿಸಿ ಸನ್ಮಾನಿಸಿದರು. ಹನಿ ನೀರಾವರಿಯ ಬಗ್ಗೆ ನಾಲ್ಕು ಮಾತಾಡಲು ಕೇಳಿದಾಗ ಕೊಟ್ರಪ್ಪ ಕಣ್ಣೀರು ತುಂಬಿಕೊಂಡು, “ಮಾತು ಬರ್ತಿಲ್ಲ ಸಾರ್” ಎಂದ. ಅದಕ್ಕೂ ಚಪ್ಪಾಳೆ ಬಿತ್ತು.

ಆದರೆ ನಾಣಿಯ ಪ್ರಾಣವಿದ್ದುದು ಏಳನೇ ಭಾಗದಲ್ಲಿ. ಕಾರ್ಖಾನೆ ಮುಚ್ಚಿ ಎಲ್ಲರಿಗೂ ಸ್ವಯಂ ನಿವೃತ್ತಿ ಕೊಟ್ಟ ವರ್ಷ ಅವನು ಅದನ್ನು ಹೊಸದಾಗಿ ಕಟ್ಟಿ ಸೇರಿಸಿದ್ದ. ಅಲ್ಲಿ ಗಿಟಾರಿನ ಒಂದೇ ತಂತಿ ಕೆಳಗಿನಿಂದ ನಿಧಾನವಾಗಿ ಏರಿ, ಮೇಲೆ ನಿಂತು, ಮತ್ತೆ ಇಳಿಯುತ್ತಿತ್ತು. ಅದು ಕಾರ್ಖಾನೆಯ ಸೈರನ್ನು. ಆ ಸೈರನ್ನಿಗೆ ಒಂದು ಕಾಲದಲ್ಲಿ ಇಡೀ ರಾಜಾಜಿನಗರ ಒಲೆ ಹಚ್ಚುತ್ತಿತ್ತು, ಮಕ್ಕಳನ್ನು ಶಾಲೆಗೆ ಓಡಿಸುತ್ತಿತ್ತು. ಈಗ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು. ಈ ಭಾಗ ಸೈರನ್ನೆಂದು ನಾಣಿ ಯಾರಿಗೂ ಹೇಳಿರಲಿಲ್ಲ. ಕೇಳಿದವರು ತಾವಾಗಿಯೇ ಗುರುತಿಸಬೇಕೆಂಬುದು ಅವನ ಆಸೆ. ಏಳನೇ ಭಾಗದವರೆಗೆ ಯಾರೂ ಉಳಿಯುತ್ತಿರಲಿಲ್ಲವಾದ್ದರಿಂದ ಆಸೆ ಹಾಗೆಯೇ ಇತ್ತು.

ಅಷ್ಟರಲ್ಲಿ ಎರಡು ಸಾವಿರದ ಆರನೇ ಇಸವಿ ಬಂತು. ಆಟೋಗಳಲ್ಲಿ ಎಫ್‌ಎಂ ಹಾಡತೊಡಗಿತು, ತರಕಾರಿ ಗಾಡಿಯವರ ಜೇಬಿನಲ್ಲೂ ಮೊಬೈಲು ಬಂತು. ವಿಜಯನಗರದ ಗಣೇಶೋತ್ಸವ ಸಮಿತಿಯ ಅಧ್ಯಕ್ಷ ಅಮರೇಶ ಎಂಬ ಯುವಕ ನಾಣಿಯ ಮನೆಗೆ ಬಂದು ಕಾಲ ಬದಲಾಗಿರುವುದನ್ನು ಅಧಿಕೃತವಾಗಿ ತಿಳಿಸಿದ.

“ಅಂಕಲ್, ಪ್ರೋಗ್ರಾಂ ಕೊಡ್ತೀವಿ. ಆದ್ರೆ ಹುಡುಗ್ರು ಸ್ಟೆಪ್ ಹಾಕೋ ತರ ಇರ್ಬೇಕು.”

“ಏಳೂವರೆ ತಾಳಕ್ಕೂ ಸ್ಟೆಪ್ ಹಾಕ್ಬಹುದು ಕಣಪ್ಪ. ಕೊನೇಲಿ ಅರ್ಧ ಹೆಜ್ಜೆ ಉಳಿಯುತ್ತೆ, ಅಷ್ಟೆ.”

“ಉಳಿದಿದ್ದನ್ನ ಎಲ್ಲಿಡೋದು ಅಂಕಲ್?”

ಇದು ಸಂಗೀತಶಾಸ್ತ್ರದ ಕಠಿಣ ಪ್ರಶ್ನೆಯಾದ್ದರಿಂದ ನಾಣಿ ಅದನ್ನು ಕುಣಿಯುವವರಿಗೇ ಬಿಟ್ಟ. ಹಬ್ಬದ ಸಂಜೆ ವಿಜಯನಗರದ ಹುಡುಗರು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಉಳಿದ ಅರ್ಧ ಹೆಜ್ಜೆಯಲ್ಲಿ ಕೆಲವರು ಪೆಂಡಾಲಿನ ಕಂಬಕ್ಕೆ ಗುದ್ದಿಕೊಂಡರು, ಒಬ್ಬ ಜನರೇಟರ್ ಮೇಲೆ ಬಿದ್ದ. ಆಮೇಲೆ ಹುಡುಗರು ಎದ್ದು ಹೋದರು. ಹೆಂಗಸರು, ಮುದುಕರು ಮಾತ್ರ ಉಳಿದರು. ಅವರು ಉಳಿದದ್ದು ಪುಳಿಯೋಗರೆ ಪ್ರಸಾದಕ್ಕೆ. ಅದು ಇನ್ನೂ ಒಲೆಯ ಮೇಲಿತ್ತು.

ಕಾರ್ಯಕ್ರಮ ಮುಗಿದಾಗ ಕಾಟನ್ ಸೀರೆಯುಟ್ಟ ಹೆಂಗಸೊಬ್ಬರು ನೇರ ವೇದಿಕೆಗೇ ಬಂದರು.

“ನಮಸ್ಕಾರ್ರೀ. ನಾ ಗುರುದೇವಿ. ನಳದ ನೀರಿನ ಅಹವಾಲು ಆಲಿಸುವ ಕೇಂದ್ರದ ಮುಖ್ಯಸ್ಥೆ. ಇಷ್ಟು ಮಂದೀನ ಇಷ್ಟೊತ್ತು ಸುಮ್ಮನ ಕುಂದರಿಸಿದವರನ್ನ ನನ್ನ ಸರ್ವೀಸ್‌ನ್ಯಾಗ ನೋಡಿಲ್ರಿ.”

ನಾಣಿಯ ಎದೆ ಉಬ್ಬಿತು. “ಇಷ್ಟ ಆಯ್ತಾ ಮೇಡಂ?”

“ಇಷ್ಟದ ಮಾತು ಬ್ಯಾರೆ ಬಿಡ್ರಿ. ಕುಂತವರು ಯಾರೂ ಎದ್ದು ಹೋಗ್ಲಿಲ್ಲ, ಯಾರೂ ಜಗಳ ತೆಗೀಲಿಲ್ಲ. ಪ್ರಸಾದ ಬಂದರೂ ಯಾತಕ್ಕ ಕುಂತೀವಿ ಅನ್ನೋದು ಮರ್ತಿದ್ರು. ನಮ್ಮ ಫೋನಿಗೆ ಇಂಥಾದ್ದ ಬೇಕಾಗಿತ್ತು.”

ಚಂದ್ರಾ ಲೇಔಟಿನ ಬೇಕರಿಯೊಂದರ ಮಹಡಿಯಲ್ಲಿದ್ದ ಈ ಕೇಂದ್ರದ ಹೆಸರಿನಲ್ಲಿ ‘ನಿವಾರಣೆ’ ಎಂಬ ಪದ ಇಲ್ಲದಿರುವುದನ್ನು ಸಾರ್ವಜನಿಕರು ಗಮನಿಸಿರಲಿಲ್ಲ. ಕೇಂದ್ರ ಗಮನಿಸಿತ್ತು. ನಲ್ಲಿಯಲ್ಲಿ ನೀರು ಬಾರದವರು ಫೋನು ಮಾಡಿದರೆ ಸಿಬ್ಬಂದಿ ಎತ್ತುವವರೆಗೆ ಏನಾದರೂ ಸಂಗೀತ ಕೇಳಿಸಬೇಕೆಂದು ಮೇಲಿನಿಂದ ಆದೇಶವಾಗಿತ್ತು. ನಿಯಮವೂ ಜೊತೆಗೇ ಬಂದಿತ್ತು: ‘ಸದರಿ ಸಂಗೀತವು ಆನಂದವನ್ನು ಉಂಟುಮಾಡತಕ್ಕದ್ದಲ್ಲ, ಆನಂದಗೊಂಡವರು ನೀರು ಬಂದ ನಂತರವೂ ಕರೆ ಮಾಡುವ ಸಂಭವವಿರುತ್ತದೆ. ಬೇಸರವನ್ನೂ ಉಂಟುಮಾಡತಕ್ಕದ್ದಲ್ಲ, ಬೇಸರಗೊಂಡವರು ಖುದ್ದಾಗಿ ಕಚೇರಿಗೆ ಬರುವ ಸಂಭವವಿರುತ್ತದೆ.’ ಇವೆರಡರ ನಡುವೆ ಕರಾರುವಾಕ್ಕಾಗಿ ಕೂರುವ ಸಂಗೀತಕ್ಕಾಗಿ ಗುರುದೇವಿ ಮೇಡಂ ಊರೆಲ್ಲ ಹುಡುಕಿದ್ದರು.

ಅಂದು ನಾಣಿ ಮನೆಗೆ ಬಂದು ಹೆಂಡತಿ ಪುಟ್ಟಲಕ್ಷ್ಮಿಗೆ ಸುದ್ದಿ ಹೇಳಿದ. “ಮುಕ್ಕಾಲು ಗಂಟೇನೂ ಹಾಕ್ತಾರಂತೆ ಕಣೇ. ಒಂದು ನಿಮಿಷಾನೂ ಕತ್ತರಿಸಲ್ವಂತೆ.”

“ಅಷ್ಟೊತ್ತು ಯಾರೂ ಫೋನ್ ಎತ್ತಲ್ವಾ ಅಲ್ಲಿ?” ಎಂದು ಪುಟ್ಟಲಕ್ಷ್ಮಿ ಕೇಳಿದಳು.

“ಅದೇ ಅವರ ಕಷ್ಟ ಅಂತೆ. ಬೇರೆ ಹಾಡುಗಳೆಲ್ಲ ಬೇಗ ಮುಗ್ದೋಗ್ತಿದ್ವಂತೆ.”

ವಿಜಯನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ಮರಿಯಪ್ಪನ ಕೋಣೆಯಲ್ಲೇ ಧ್ವನಿಮುದ್ರಣ ನಡೆಯಿತು. ಡ್ರಮ್ಸ್ ಸದ್ದು ಜನರನ್ನು ಹುರಿದುಂಬಿಸುತ್ತದೆಂಬ ಆಕ್ಷೇಪಣೆ ಬಂದದ್ದರಿಂದ, ಕೇಳಿಸದಂತೆ ಬಾರಿಸಲು ಕೊಟ್ರಪ್ಪನಿಗೆ ಸೂಚಿಸಲಾಯಿತು. ಅವನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಎದುರು ಕೂತವರಿಗೂ ಕೇಳಿಸದ ಮಟ್ಟವನ್ನು ಮುಟ್ಟಿದ. ತಂಡ ಕಾಲಕ್ಕೆ ಹೊಂದಿಕೊಳ್ಳುತ್ತಿದೆ ಎಂದು ನಾಣಿಗೆ ಸಮಾಧಾನವಾಯಿತು.

ಮೊದಲ ದಿನಗಳಲ್ಲೇ ಮೂಡಲಪಾಳ್ಯದ ನರಸಮ್ಮ ಎಂಬವರು ಫೋನು ಮಾಡಿದರು. ನಾಲ್ಕು ಭಾಗಗಳನ್ನು ಅವರು ಅಕ್ಕಿ ಆರಿಸುತ್ತಾ ಕೇಳಿದರು. ಐದನೆಯದರಲ್ಲಿ ಅಮೀನಪ್ಪನ ದನಿ, “ನೀನು ಯಾರು?” ಎಂದಿತು.

“ನಾನು ನರಸಮ್ಮ ಕಣಪ್ಪ.”

“ಎಲ್ಲಿಂದ ಬಂದೆ?”

“ಎಲ್ಲಿಗೂ ಬಂದಿಲ್ಲ, ಮೂಡಲಪಾಳ್ಯದಲ್ಲೇ ಇದೀನಿ. ದೇವಸ್ಥಾನದ ಹಿಂದಿನ ಬೀದಿ.”

“ಏನು ಬೇಕು ನಿನಗೆ?”

“ನೀರು ಕಣಪ್ಪ, ಇನ್ನೇನು ಕೇಳಾನ! ಒಂದು ವಾರದಿಂದ ಹನಿ ಇಲ್ಲ.”

ಆತ್ಮಾವಲೋಕನದ ಮೌನ ದೀರ್ಘವಾಗಿದ್ದುದರಿಂದ ನರಸಮ್ಮ ತಮ್ಮ ಸೊಸೆಯ ವಿಚಾರವನ್ನೂ ಹೇಳಿ ಮುಗಿಸಿ, ನೆಮ್ಮದಿಯಿಂದ ಫೋನಿಟ್ಟರು. ಆಮೇಲೆ ಬೀದಿಯವರಿಗೆಲ್ಲ ಹೇಳಿದರು: “ಏಕವಚನದಲ್ಲಿ ಮಾತಾಡ್ತಾನೆ, ನಿಜ. ಆದ್ರೆ ಪೂರ್ತಿ ಕೇಳಿಸ್ಕೊಂತಾನೆ ಕಣ್ರೇ. ಮಧ್ಯ ಒಂದು ಸಲಾನೂ ಬಾಯಿ ಹಾಕ್ಲಿಲ್ಲ.”

ಸುದ್ದಿ ಹಬ್ಬಿತು. ಸುಂಕದಕಟ್ಟೆಯಿಂದ ಕೆಂಗೇರಿಯವರೆಗೆ ಜನ ಫೋನು ಹಚ್ಚಿ, ಹೆಸರು, ವಿಳಾಸ, ಕಷ್ಟ ಹೇಳಿಕೊಂಡು, ಸಿಬ್ಬಂದಿ ಎತ್ತುವ ಮೊದಲೇ ತೃಪ್ತಿಯಿಂದ ಇಟ್ಟುಬಿಡತೊಡಗಿದರು. ಕೇಂದ್ರಕ್ಕೆ ಅಹವಾಲು ಬರುವುದು ನಿಂತಿತು. ಕೆಲಸವಿಲ್ಲದ ಸಿಬ್ಬಂದಿಯನ್ನು ಮನೆಗೆ ಕಳುಹಿಸುವುದು ಮಾನವೀಯವಲ್ಲವಾದ್ದರಿಂದ, ಹಾಡು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುತ್ತಿರಲು ಅವರನ್ನು ನೇಮಿಸಲಾಯಿತು. ಆ ವರ್ಷದ ಅತ್ಯುತ್ತಮ ಕೇಂದ್ರ ಪ್ರಶಸ್ತಿ ಇದಕ್ಕೇ ಬಂತು. ನೀರು ಬಂತೇ ಎಂಬುದು ಪ್ರಶಸ್ತಿಯ ಮಾನದಂಡಗಳಲ್ಲಿ ಇರಲಿಲ್ಲ.

ಯಶಸ್ಸಿನ ಬೆನ್ನಲ್ಲೇ ಸಣ್ಣಪುಟ್ಟ ತಿದ್ದುಪಡಿಗಳು ಬಂದವು. ತೆರಿಗೆದಾರರ ಗೌರವಾರ್ಥ ‘ನೀನು ಯಾರು’ ಎಂಬುದು ‘ತಾವು ಯಾರು’ ಎಂದಾಯಿತು. ಕೊನೆಯ ‘ಶೂನ್ಯ’ ಎಂಬ ಉತ್ತರ ನೀರಿನ ವಾಸ್ತವ ಸ್ಥಿತಿಗೆ ತೀರ ಹತ್ತಿರವಾಗಿದ್ದುದರಿಂದ ಅದನ್ನು ‘ಆಗಲಿ’ ಎಂದು ಬದಲಿಸಿದರು. ಅಮೀನಪ್ಪ ಎರಡನ್ನೂ ಸಂತೋಷದಿಂದ ಹಾಡಿದ. ಸಂತೆಯಲ್ಲಿ ಅವನು ಬದನೆಕಾಯಿ ಚೌಕಾಸಿ ಮಾಡಿದರೆ ಸಾಕು, ದನಿ ಗುರುತಿಸಿ ಜನ ಕೈಮುಗಿಯುತ್ತಿದ್ದರು.

ಒಂದು ದಿನ ಗುರುದೇವಿ ಮೇಡಂ ನಾಣಿಯನ್ನು ಕಚೇರಿಗೆ ಕರೆಸಿ, ಬೇಕರಿಯಿಂದ ದಿಲ್‌ಪಸಂದ್ ತರಿಸಿಕೊಟ್ಟರು. ದಿಲ್‌ಪಸಂದ್ ಕಂಡಾಗಲೇ ನಾಣಿಗೆ ಅನುಮಾನ ಬಂತು.

“ಏಳನೇ ಭಾಗ ತೆಗೀಬೇಕ್ರಿ.”

“ಯಾಕೆ ಮೇಡಂ?”

“ರಾಜಾಜಿನಗರದ ಕಡೆ ವಯಸ್ಸಾದವರು ಇದಾರಲ್ರಿ, ಅವರಿಗೆ ಆ ಭಾಗ ಬಂದ ಕೂಡ್ಲೆ ಏನೋ ಆಗ್ತದ. ಫೋನ್ ಅಲ್ಲೇ ಬಿಟ್ಟು ಎದ್ದ ಹೋಗ್ತಾರ. ಒಬ್ಬಾಂವ ಬುತ್ತಿ ಡಬ್ಬಿ ಹಿಡಕೊಂಡು ಬೀದಿ ತನಕ ಹೋಗಿದ್ನಂತ. ಅತ್ತವರೂ ಇದಾರ. ಲೈನು ಹಂಗ ಹಿಡಕೊಂಡ ಇರ್ತಾವ್ರಿ. ಸೈರನ್ನು ಸೈರನ್ನು ಅಂತಾರ. ಯಾವ ಸೈರನ್ರಿ ಅದು?”

ನಾಣಿ ದಿಲ್‌ಪಸಂದನ್ನು ತಟ್ಟೆಯಲ್ಲಿಟ್ಟ. ಕಿಟಕಿಯಾಚೆ ನೋಡುತ್ತಾ, “ಅತ್ರಾ ಮೇಡಂ? ನಿಜವಾಗ್ಲೂ?” ಎಂದ.

“ಹೂಂ ರೀ. ಅದಕ್ಕ ತೆಗೀರಿ ಅನ್ನೋದು.”

“ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ತೆಗೀರಿ. ಬೇಕಾದ್ರೆ ನನ್ನ ಹೆಸರು ತೆಗೀರಿ.”

“ಹೆಸರು ಹಾಕೇ ಇಲ್ರಿ,” ಎಂದರು ಗುರುದೇವಿ ಮೇಡಂ, ತಪ್ಪಾಗಿ ತಿಳಿಯಬಾರದೆಂಬ ದನಿಯಲ್ಲಿ. “ಆ ಭಾಗ ಇದ್ರ ಇಡೀ ಹಾಡೇ ನಿಲ್ಲಿಸ್ಬೇಕಂತ ಮೇಲಿಂದ ಹೇಳ್ಯಾರ. ಬದಲಿಗೆ ವೀಣೆ ಕ್ಯಾಸೆಟ್ಟು ರೆಡಿ ಇಟ್ಟಾರ.”

ನಾಣಿ ಚಂದ್ರಾ ಲೇಔಟಿನಿಂದ ರಾಜಾಜಿನಗರದವರೆಗೆ ನಡೆದೇ ಹೋದ. ಇಷ್ಟು ವರ್ಷ ಒಬ್ಬರಾದರೂ ಗುರುತಿಸಲಿ ಎಂದು ಕಾದಿದ್ದ. ಈಗ ಒಂದು ಊರೇ ಗುರುತಿಸಿತ್ತು, ಅದಕ್ಕಾಗಿಯೇ ತೆಗೆಯಬೇಕಿತ್ತು. ತೆಗೆಯದಿದ್ದರೆ ಅಮೀನಪ್ಪನಿಗೆ ಸಂತೆಯಲ್ಲಿ ಯಾರೂ ಕೈಮುಗಿಯುವುದಿಲ್ಲ, ಕೊಟ್ರಪ್ಪನ ಕೇಳಿಸದ ಡ್ರಮ್ಸ್ ಯಾರಿಗೂ ಕೇಳಿಸುವುದಿಲ್ಲ. ಮಾರನೆಯ ದಿನ ಮರಿಯಪ್ಪನ ಪಕ್ಕ ಕೂತು ಕಂಪ್ಯೂಟರಿನ ಪರದೆಯ ಮೇಲೆ ಏಳನೇ ಭಾಗವನ್ನು ತೋರಿಸಿದ. ಬೆಟ್ಟದಂತೆ ಏರಿ ಇಳಿದಿದ್ದ ಗೆರೆ.

“ತೆಗೀಲಾ ನಾಣಿ?” ಎಂದ ಮರಿಯಪ್ಪ.

“ತೆಗಿ.”

ಅಳಿಸುವಾಗ ಏನಾದರೂ ಸದ್ದು ಬರುತ್ತದೆಂದು ನಾಣಿ ಅಂದುಕೊಂಡಿದ್ದ. ಬರಲಿಲ್ಲ. ಖಾಲಿಯಾದ ಜಾಗದಲ್ಲಿ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಗುರುದೇವಿ ಮೇಡಂ ದನಿ ಸೇರಿಸಲಾಯಿತು. ಅವರು ಅದನ್ನು ಶ್ರುತಿಬದ್ಧವಾಗಿಯೇ ಹೇಳಿದರು.

ಮುಂದಿನ ಬೇಸಿಗೆಯಲ್ಲಿ ನಾಣಿಯ ಮನೆಯ ನಲ್ಲಿಯೂ ಒಣಗಿತು. ಅವನು ತರಕಾರಿ ತಂದಿಡುವಷ್ಟರಲ್ಲಿ ಪುಟ್ಟಲಕ್ಷ್ಮಿ ಫೋನು ಕೆಳಗಿಡುತ್ತಿದ್ದಳು.

“ಕಂಪ್ಲೇಂಟ್ ಕೊಟ್ಟೆ ರೀ. ಅಮೀನಪ್ಪನೋರು ಆಗಲಿ ಅಂದ್ರು.”

“ಅದು ರೆಕಾರ್ಡಿಂಗ್ ಕಣೇ. ನಮ್ಮ ಮಹಡೀಲೇ ಪ್ರಾಕ್ಟೀಸ್ ಮಾಡಿದ್ದು, ನೀನೇ ಕಾಫಿ ಕೊಟ್ಟಿದ್ದೆ.”

“ಗೊತ್ತು. ಆದ್ರೂ ಹೇಳಿದ್ಮೇಲೆ ಮನಸ್ಸು ಹಗುರ ಆಯ್ತಪ್ಪ,” ಎಂದು ಪುಟ್ಟಲಕ್ಷ್ಮಿ ಬಿಂದಿಗೆ ಎತ್ತಿಕೊಂಡು ಟ್ಯಾಂಕರ್ ಕಡೆ ಹೊರಟಳು.

ಎರಡು ಸಾವಿರದ ಎಂಟರ ಗಣೇಶನಿಗೆ ಅಮರೇಶ ಮತ್ತೆ ಬಂದ. ಈ ಸಲ ತಂಡದ ಫ್ಲೆಕ್ಸು ಗಣೇಶನಿಗಿಂತ ದೊಡ್ಡದಿತ್ತು. ಸಂಜೆ ಪೆಂಡಾಲಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾಣಿ ಕಣ್ಣು ಮುಚ್ಚಿ ಮೊದಲ ಸ್ವರ ನುಡಿಸಿದ. ಜನ ಗೊಣಗಿದರು.

“ಇದು ಅದಲ್ಲ!” ಎಂದು ಯಾರೋ ಕೂಗಿದರು.

ಅಮರೇಶ ಮೇಲೆ ಓಡಿಬಂದ. “ಅಂಕಲ್, ಸ್ಪೀಕರ್ ಬೇಡ್ವಂತೆ. ಒರಿಜಿನಲ್ ಬೇಕಂತೆ. ಫೋನಲ್ಲೇ ಕೇಳ್ತಾರಂತೆ.”

ಕೋರಿಕೆ ನ್ಯಾಯಸಮ್ಮತವಾಗಿತ್ತು. ಬಂದೋಬಸ್ತಿಗಿದ್ದ ಪೊಲೀಸರಿಗೂ ಶಬ್ದವಿಲ್ಲದ ಕಾರ್ಯಕ್ರಮ ಹಿಡಿಸಿತು. ಸ್ಪೀಕರ್ ಆರಿಸಿದರು. ನೆರೆದವರೆಲ್ಲ ಮೊಬೈಲ್ ತೆಗೆದು ಏಕಕಾಲಕ್ಕೆ ಕೇಂದ್ರಕ್ಕೆ ಫೋನು ಹಚ್ಚಿದರು. ಲೈನುಗಳು ಕೆಲವೇ ಇದ್ದುದರಿಂದ ಕೆಲವರಿಗೆ ಹಾಡು ಸಿಕ್ಕಿತು. ಉಳಿದ ಜನಸಾಗರಕ್ಕೆ ಸಿಕ್ಕಿದ್ದು ಎಂಗೇಜ್ ಟೋನು. ಟುಂಯ್, ಟುಂಯ್, ಟುಂಯ್. ಜನ ತಲೆದೂಗಿದರು. ಮೊದಲು ಒಬ್ಬ ಹುಡುಗನ ಕಾಲು ಅಲುಗಿತು, ಆಮೇಲೆ ಇಡೀ ಸಾಲು ಹೆಜ್ಜೆ ಹಾಕತೊಡಗಿತು. ಯಾರೂ ಕಂಬಕ್ಕೆ ಗುದ್ದಿಕೊಳ್ಳಲಿಲ್ಲ.

“ಅಂಕಲ್, ಇದು ನಿಮ್ಮ ಹೊಸ ಸೌಂಡಾ?” ಅಮರೇಶನ ಕಣ್ಣುಗಳು ಹೊಳೆಯುತ್ತಿದ್ದವು. “ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ? ಸೂಪರ್!”

ನಾಣಿ ಗಿಟಾರ್ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅಮೀನಪ್ಪ ಎಂದಿನಂತೆ ಗಂಭೀರವಾಗಿ ನಿಂತಿದ್ದ. ಕೆಳಗೆ ಸಾವಿರ ಜನ ಕಿವಿಗೆ ಫೋನು ಒತ್ತಿಕೊಂಡು ಕುಣಿಯುತ್ತಿದ್ದರು, ಒಬ್ಬರೂ ಎದ್ದು ಹೋಗುತ್ತಿರಲಿಲ್ಲ. ನಾಣಿ ತನ್ನ ಮೊಬೈಲ್ ತೆಗೆದು ತಾನೂ ಸ್ವಲ್ಪ ಹೊತ್ತು ಕೇಳಿದ. ಕೆಟ್ಟದ್ದೇನಿರಲಿಲ್ಲ.

“ಹೂಂ ಕಣಪ್ಪ,” ಎಂದ. “ನಮ್ಮದೇ.”

ಮುಂದಿನ ವಾರವೇ ಆದೇಶ ಹೊರಬಿತ್ತು. ಸಾರ್ವಜನಿಕರ ಅಭಿರುಚಿಯನ್ನು ಪರಿಗಣಿಸಿ, ಎಲ್ಲ ಕರೆಗಳಿಗೂ ಎಲ್ಲ ವೇಳೆಯಲ್ಲೂ ತಂಡದ ಹೊಸ ಕೃತಿಯನ್ನೇ ಕೇಳಿಸತಕ್ಕದ್ದೆಂದು ತೀರ್ಮಾನವಾಗಿತ್ತು. ಈಗ ತಂಡ ವಾರಕ್ಕೆರಡು ಸಲ ಮಹಡಿಯ ಮೇಲೆ ಸೇರಿ ಅದನ್ನೇ ಅಭ್ಯಾಸ ಮಾಡುತ್ತದೆ. ನಾಣಿಯ ಬೆರಳು ನೋವು ಕಡಿಮೆಯಾಗಿದೆ. ಅಕ್ಕಪಕ್ಕದವರಿಂದ ಇದುವರೆಗೆ ಯಾವ ದೂರೂ ಬಂದಿಲ್ಲ. ಕೊಡೋಣವೆಂದರೆ ಅವರಿಗೆ ಲೈನು ಸಿಗುತ್ತಿಲ್ಲ.