ಭಾವನ ನ್ಯಾಷನಲ್ ಗಾರ್ಡ್

ನಮ್ಮ ಭಾವನನ್ನು ಯಾವ ದೇಶದ ಸೈನ್ಯವೂ ಸೇರಿಸಿಕೊಳ್ಳಲಿಲ್ಲ. ನಷ್ಟ ಯಾರಿಗೆ? ಭಾವನ ಪ್ರಕಾರ ಆ ದೇಶಗಳಿಗೆ! ಅಕ್ಕನ ಪ್ರಕಾರ ಅವಳೊಬ್ಬಳಿಗೇ. ಯಾವುದಾದರೊಂದು ಸೈನ್ಯ ಕರೆದೊಯ್ದಿದ್ದರೆ ಮನೆಯಲ್ಲಿ ಮಿಕ್ಸಿಯ ಸದ್ದಾದರೂ ಕಿವಿಗೆ ಬೀಳುತ್ತಿತ್ತಂತೆ.

ನೈರೋಬಿಯ ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ಭಾವ ಕಂಪ್ಯೂಟರ್ ವಿಭಾಗದ ಮ್ಯಾನೇಜರು. ಮೈಸೂರಿನಲ್ಲಿ ಓದುವಾಗ ಗೃಹರಕ್ಷಕ ದಳ ಸೇರಿ ಯಾವುದೋ ಸರ್ಕಲ್ಲಿನಲ್ಲಿ ನಿಂತು ಸೀಟಿ ಊದಿದ್ದರು. ಆ ಸೀಟಿಯ ಗಾಳಿ ಇನ್ನೂ ತಲೆಯಿಂದ ಇಳಿದಿಲ್ಲ. ಲೋಕದ ಯಾವ ದೇಶದಲ್ಲಿ ಯಾವ ರಕ್ಷಕ ದಳವಿದೆ, ಅದರ ಕೆಲಸವೇನು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹಬ್ಬದ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ ಬಿಸಿಬೇಳೆಭಾತ್ ಬಡಿಸುತ್ತಲೇ ಶುರು:

"ಅಮೆರಿಕದ ನ್ಯಾಷನಲ್ ಗಾರ್ಡ್ ನೋಡಿ, ದಿನಾ ಮೇಷ್ಟ್ರು, ಮೆಕ್ಯಾನಿಕ್ಕು. ಪ್ರವಾಹ ಬಂತು, ಗವರ್ನರ್ ಕರೆದ, ಯೂನಿಫಾರ್ಮ್ ಹಾಕ್ಕೊಂಡು ಹೊರಟ! ಸೌದೀಲಿ ಹಾಗಲ್ಲ, ಅರಮನೆ ಕಾಯೋದೂ ಅವರದ್ದೇ ಡ್ಯೂಟಿ. ಸೈಪ್ರಸ್‌ನಲ್ಲಂತೂ ಅದೇ ಸೈನ್ಯ! ಹೆಸರು ಒಂದೇ, ಕೆಲಸ ನೂರು!"

"ಭಾವ, ಅಮೆರಿಕ ಆಮೇಲೆ. ಸೌಟು ನನ್ನ ತಟ್ಟೆ ಮೇಲೇ ನಿಂತುಬಿಟ್ಟಿದೆ!"

ಒಮ್ಮೆ ಕಾರು ಕೆಟ್ಟು ಇಬ್ಬರೂ ಮಟಾಟು ಹತ್ತಿದೆವು. ಆ ಮಿನಿಬಸ್ಸು ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಬಾಗಿಲಿಗೆ ಜೋತುಬಿದ್ದಿದ್ದ ಕಂಡಕ್ಟರನಿಗೆ ಭಾವ ಫ್ರಾನ್ಸಿನ ಮೀಸಲು ಪಡೆಯನ್ನು ವಿವರಿಸಿದರು. ಬ್ರೆಡ್ ಸುಡುವವನೂ ಅಲ್ಲಿ ದೇಶ ಕಾಯುತ್ತಾನಂತೆ! ಹುಡುಗ ಭಕ್ತಿಯಿಂದ ಕೇಳಿ, "ಸವಾ ಸವಾ, ಮ್ಜೇ," ಎಂದ. ಸರಿ ಸರಿ, ಹಿರಿಯರೇ, ಎಂದರ್ಥ. ಭಾವ ಉಬ್ಬಿದರು. "ಈಗ ಸ್ವಲ್ಪ ಒಳಗೆ ಸರೀರಿ, ಇನ್ನೂ ನಾಲ್ಕು ಜನ ಹತ್ತಬೇಕು!" ಎಂದು ಅವನು ಮುಗಿಸಿದ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿಗೇ ಒಂದು ಗಾರ್ಡ್ ಕಟ್ಟಿದರು! ಸದಸ್ಯರು: ಮಂಡಿನೋವಿನ ದಂತವೈದ್ಯರೊಬ್ಬರು, ಮಂಗಳೂರಿನ ಟೀಚರೊಬ್ಬರು, ಮತ್ತು ಅಕ್ಕನ ಕಣ್ಸನ್ನೆಗೆ ಹೆದರಿ ಸೇರಿದ ನಾನು. ಭಾನುವಾರ ಪಾರ್ಕಿಂಗಿನಲ್ಲಿ ಕವಾಯತು. "ಬಲಕ್ಕೆ ತಿರುಗ್!" ಎಂದರೆ ಡಾಕ್ಟರು ಎಡಕ್ಕೆ, ಟೀಚರು ಬಲಕ್ಕೆ, ನಾನು ಲಿಫ್ಟಿನ ಕಡೆಗೆ. ಬಾಲ್ಕನಿಯಿಂದ ಭಾವನ ಮಗಳು, "ಪಪ್ಪಾ, ಪ್ಲೀಸ್, ಮೈ ಫ್ರೆಂಡ್ಸ್ ಆರ್ ವಾಚಿಂಗ್!" ಎಂದು ಕೂಗುತ್ತಿದ್ದಳು.

ಗೇಟಿನ ಕಾವಲುಗಾರ ಕಮಾವು ಒಂದು ದಿನ ಕೇಳಿಯೇಬಿಟ್ಟ: "ಬಾಸ್, ನೀವೆಲ್ಲ ಗಾರ್ಡ್ ಆದರೆ ನಾನು ಯಾರು?"

"ನೀನಾ? ನೀನು ರೆಗ್ಯುಲರ್ ಆರ್ಮಿ!"

ಕಮಾವು ಅಂದಿನಿಂದ ನಮಗೆ ಸೆಲ್ಯೂಟ್ ಹೊಡೆಯುವುದನ್ನು ನಿಲ್ಲಿಸಿದ. ಸೈನ್ಯ ಮೀಸಲು ಪಡೆಗೆ ಸೆಲ್ಯೂಟ್ ಹೊಡೆಯುತ್ತದೆಯೇ?

ಆಮೇಲೆ ಏಪ್ರಿಲ್ ಮಳೆ ಬಂತು. ಒಂದು ಮಧ್ಯಾಹ್ನ ರಸ್ತೆಯಾಚೆಯ ತೊರೆ ಉಕ್ಕಿ, ಅದರ ದಂಡೆಯ ತಗಡಿನ ಮನೆಗಳಿಗೆ ನುಗ್ಗಿತು. ನಮ್ಮ ಕಟ್ಟಡ ಎತ್ತರದಲ್ಲಿದೆ. ಮಕ್ಕಳನ್ನು ಹೊತ್ತ ಹೆಂಗಸರು ಓಡಿಬಂದು ಗೇಟು ಬಡಿದರು.

"ತೆಗೀಬೇಡ!" ಎಂದರು ಅಪಾರ್ಟ್‌ಮೆಂಟ್ ಸಮಿತಿಯ ಅಧ್ಯಕ್ಷರು. "ಯಾರ್ಯಾರೋ ನುಗ್ತಾರೆ. ಸೆಕ್ಯೂರಿಟಿ ರಿಸ್ಕು!"

ಕಮಾವು ಬೀಗದ ಕೈ ಹಿಡಿದು ಭಾವನ ಮುಖ ನೋಡಿದ. ಭಾವ ಅಧ್ಯಕ್ಷರ ಕಡೆ ತಿರುಗಿದರು. ಭಾಷಣ ಬರುತ್ತದೆಂದು ನಾವೆಲ್ಲ ಹಲ್ಲು ಕಚ್ಚಿದೆವು.

"ಸಾರ್, ಅರಮನೆ ಕಾಯೋ ಗಾರ್ಡ್ ಇದೆ, ಪ್ರವಾಹಕ್ಕೆ ಇಳಿಯೋ ಗಾರ್ಡ್ ಇದೆ. ನಮ್ಮದು ಅರಮನೆ ಅಲ್ಲ. ಕಮಾವು, ತೆಗಿ."

ಅವರ ಜೀವಮಾನದಲ್ಲೇ ಅಷ್ಟು ಚಿಕ್ಕ ಭಾಷಣ ಅದೊಂದೇ!

ಗೇಟು ತೆರೆಯಿತು. ಟೀಚರು ಮಕ್ಕಳನ್ನು ಮೆಟ್ಟಿಲು ಹತ್ತಿಸಿದರು. ಮಂಡಿನೋವಿನ ಡಾಕ್ಟರು ಟೆರೇಸಿನಿಂದ ಬಟ್ಟೆ ಒಣಗಿಸುವ ಹಗ್ಗ ಕಿತ್ತು ತಂದರು. ಅಷ್ಟರಲ್ಲಿ ಒಬ್ಬ ಹೆಂಗಸು ಕೈ ತೋರಿಸಿ ಅಳತೊಡಗಿದಳು. ರಸ್ತೆಯಾಚೆ ನೀರು ನುಗ್ಗಿದ್ದ ಮನೆಯೊಂದರ ಬಾಗಿಲಲ್ಲಿ ಒಬ್ಬ ಅಜ್ಜಿ ಚೌಕಟ್ಟು ಹಿಡಿದು ನಿಂತಿದ್ದಳು. ಭಾವ ಹಗ್ಗವನ್ನು ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನನಗೂ ಕಮಾವುಗೂ ಕೊಟ್ಟು, "ಬಿಡಬೇಡ್ರಪ್ಪ," ಎಂದು ಇಳಿದೇಬಿಟ್ಟರು.

ಕೆಂಪು ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಒಮ್ಮೆ ಕಾಲು ಜಾರಿ ತಲೆಯೇ ಕಾಣಲಿಲ್ಲ. ನಾವಿಬ್ಬರೂ ಜಗ್ಗಿದೆವು. ಕೆಮ್ಮುತ್ತ ಎದ್ದವರು ಮುಂದಕ್ಕೇ ಹೋದರು. ಮರಳುವಾಗ ಬೆನ್ನ ಮೇಲೆ ಅಜ್ಜಿ. ಅವಳು ಅವರ ಕಿವಿಯಲ್ಲಿ ತನ್ನ ಭಾಷೆಯಲ್ಲಿ ಒಂದೇ ಸಮನೆ ಬೈಯುತ್ತಿದ್ದಳೋ ಹರಸುತ್ತಿದ್ದಳೋ, ತಿಳಿಯದು. ಭಾವ ಮಾತ್ರ, "ಸವಾ, ಮಾಮಾ, ಸವಾ," ಎನ್ನುತ್ತ ಬಂದರು. ಮಾಮಾ ಎಂದರೆ ಇಲ್ಲಿ ತಾಯಿ.

ಸಂಜೆಯ ಹೊತ್ತಿಗೆ ಮಳೆ ನಿಂತಿತು. ಅಕ್ಕನ ಮನೆ ತುಂಬ ಜನ. ಅಜ್ಜಿ ಸೋಫಾದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ಅಧ್ಯಕ್ಷರು ಕಂಬಳಿಗಳನ್ನು ಹೊತ್ತು ತಂದು, ಯಾರ ಮುಖವನ್ನೂ ನೋಡದೆ ಇಟ್ಟು ಹೋದರು. ಭಾವ ಹೊರಗೆ ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತಿದ್ದರು. ಮಗಳು ಪಕ್ಕದಲ್ಲಿ ಬಂದು ಕೂತಳು.

"ಪಪ್ಪಾ, ಐ ಡಿಡಂಟ್ ನೋ ಯು ಕುಡ್ ಸ್ವಿಮ್!"

"ಈಜು ಬರಲ್ಲ ಪುಟ್ಟಿ."

"ದೆನ್ ಹೌ...?"

"ಆ ಅಜ್ಜಿಗೆ ಅದು ಗೊತ್ತಿರಲಿಲ್ವಲ್ಲ," ಎಂದರು ಭಾವ.

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಬೈಗುಳಕ್ಕೆ ನಾನು ಕಾದೆ. ಅವಳು ಲೋಟ ಕೊಟ್ಟಳು. ಭಾವನ ಕೈಯಲ್ಲಿ ಕಾಫಿ ತುಳುಕಿತು. ಅಕ್ಕ ಆ ಒದ್ದೆ ಮೆಟ್ಟಿಲ ಮೇಲೆ ಕೂತು, ಲೋಟವನ್ನೂ ಕೈಯನ್ನೂ ಸೇರಿಸಿ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಈಗ ಅವಳ ಕೈಯಲ್ಲೂ ಕಾಫಿ ತುಳುಕುವುದು ನಿಲ್ಲಲಿಲ್ಲ.